ಈಸ್ಟರ್ ಹಬ್ಬಕ್ಕೆ ಮೊಟ್ಟೆ ಬಂದದ್ದು ಎಲ್ಲಿಂದ?

ನಮ್ಮ ಪ್ರೌಢಶಾಲೆಯ ಕಚೇರಿ ಗೋಡೆಯ ಮೇಲೆ ಪ್ರತಿ ವರ್ಷ ಅಂಟಿಸುವ ಸರ್ಕಾರಿ ರಜೆಗಳ ಪಟ್ಟಿಯಲ್ಲಿ ಗುಡ್ ಫ್ರೈಡೆ ಇರುತ್ತದೆ, ಈಸ್ಟರ್ ಇರುವುದಿಲ್ಲ. ಕಾರಣ ಸರಳ. ಈಸ್ಟರ್ ಯಾವಾಗಲೂ ಭಾನುವಾರವೇ ಬರುತ್ತದೆ, ಭಾನುವಾರಕ್ಕೆ ಬೇರೆ ರಜೆ ಕೊಡುವ ಅಗತ್ಯವಿಲ್ಲ. ಹೀಗಾಗಿ ಯೇಸುವನ್ನು ಶಿಲುಬೆಗೆ ಏರಿಸಿದ ದಿನ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅವನು ಮೂರನೆಯ ದಿನ ಎದ್ದುಬಂದನೆಂದು ಕ್ರೈಸ್ತರು ಆಚರಿಸುವ, ಕ್ರಿಸ್‌ಮಸ್‌ಗಿಂತಲೂ ಹಳೆಯದಾದ ಹಬ್ಬ ಬಹಳ ಮಂದಿಗೆ ಗೊತ್ತಿಲ್ಲ.

ಸಮಾಜ ವಿಜ್ಞಾನದ ತರಗತಿಯಲ್ಲಿ ಒಮ್ಮೆ ಈ ವಿಷಯ ಬಂತು. ಒಬ್ಬ ಹುಡುಗ ಎದ್ದು, “ಸರ, ಈಸ್ಟರ್ ಅಂದ್ರ ಬ್ಯಾಬಿಲೋನಿನ ಇಷ್ಟಾರ್ ದೇವತಿ ಹಬ್ಬ ಅಂತ್ರಿ. ಮೊಟ್ಟಿ, ಮೊಲ ಎಲ್ಲಾ ಆಕೀವು. ಇವರು ಕದ್ದುಕೊಂಡಾರಂತ. ಫೋನಿಗೆ ಬಂದೈತ್ರಿ” ಅಂದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕ್ರೈಸ್ತ ಮನೆತನದ ಹುಡುಗಿ ತಲೆ ತಗ್ಗಿಸಿದಳು. ಪಾಠ ಮುಗಿದ ಮೇಲೆ ಬಂದು, “ಸರ, ನಮ್ಮ ಹಬ್ಬ ಖರೇ ಅಲ್ಲೇನ್ರಿ?” ಎಂದು ಕೇಳಿದಳು. ನಂಬಿಕೆಯ ಮಾತು ಇತಿಹಾಸದ ಮಾಸ್ತರನ ಕೆಲಸವಲ್ಲ. ಆದರೆ ಮೊಟ್ಟೆ, ಮೊಲ, ಹಬ್ಬದ ಹೆಸರು, ತಾರೀಖು ಇವು ಇತಿಹಾಸದ ಮಾತೇ. ಅವು ಎಲ್ಲಿಂದ, ಯಾವಾಗ, ಹೇಗೆ ಬಂದವೆಂದು ದಾಖಲೆ ಇಟ್ಟು ಹೇಳಬಹುದು. ಅಂದು ಅವರಿಬ್ಬರಿಗೂ ಹೇಳಿದ್ದನ್ನು ಈ ಸುವರ್ಣ ಮಹೋತ್ಸವ ಸಂಚಿಕೆಗಾಗಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಮೊದಲು ಹೆಸರನ್ನು ನೋಡೋಣ. ‘ಈಸ್ಟರ್’ ಎಂಬುದು ಇಂಗ್ಲಿಷರ ಮಾತು. ಜರ್ಮನ್ನರು ‘ಓಸ್ಟರ್ನ್’ ಎನ್ನುತ್ತಾರೆ. ಜಗತ್ತಿನ ಉಳಿದ ಕ್ರೈಸ್ತರಲ್ಲಿ ಬಹುಪಾಲು ಜನರಿಗೆ ಈ ಹೆಸರೇ ಇಲ್ಲ. ಗ್ರೀಕರಿಗೆ ಅದು ‘ಪಾಸ್ಖ’, ಪೋರ್ಚುಗೀಸರಿಗೆ ‘ಪಾಸ್ಕೊವ’, ಫ್ರೆಂಚರಿಗೆ ‘ಪಾಕ್’. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೋಲಿಕರು ‘ಪಾಸ್ಕಾಂಚೆಂ ಫೆಸ್ತ್’ ಎನ್ನುತ್ತಾರೆ. ಕನ್ನಡ ಬೈಬಲ್ಲಿನಲ್ಲಿ ‘ಪಸ್ಕಹಬ್ಬ’ ಎಂದಿದೆ. ಇವೆಲ್ಲಕ್ಕೂ ಮೂಲ ಯೆಹೂದ್ಯರ ‘ಪೆಸಾಖ್’, ಅಂದರೆ ಅವರ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ಯೇಸುವಿನ ಕೊನೆಯ ದಿನಗಳು ಆ ಹಬ್ಬದ ಸಮಯದಲ್ಲೇ ನಡೆದವೆಂದು ಸುವಾರ್ತೆಗಳು ಹೇಳುತ್ತವೆ. ಹಾಗಾಗಿ ಆ ಹೆಸರು, ಆ ಹುಣ್ಣಿಮೆ ಎರಡೂ ಉಳಿದುಕೊಂಡವು. ಇಷ್ಟಾರಿಗೂ ಇದಕ್ಕೂ ಸಂಬಂಧವಿದ್ದಿದ್ದರೆ ಬ್ಯಾಬಿಲೋನಿಗೆ ಹತ್ತಿರದ ಸಿರಿಯಾದವರು, ಗ್ರೀಕರು ಆ ಹೆಸರನ್ನು ಹಿಡಿಯಬೇಕಿತ್ತು. ಸಾವಿರಾರು ಮೈಲಿ ದೂರದ ಇಂಗ್ಲಿಷರು ಮಾತ್ರ ಹಿಡಿದರು ಎನ್ನುವುದು ಎಂಥ ಲೆಕ್ಕ? ಎರಡು ಪದ ಕಿವಿಗೆ ಒಂದೇ ತರ ಕೇಳಿಸುತ್ತವೆ, ಅಷ್ಟೆ. ಈ ಇಷ್ಟಾರ್ ಕಥೆಯನ್ನು ಜನಪ್ರಿಯಗೊಳಿಸಿದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹಿಸ್ಲಾಪ್ ಎಂಬ ಪಾದ್ರಿ. 1850ರ ದಶಕದಲ್ಲಿ ಬಂದ ‘ದಿ ಟೂ ಬ್ಯಾಬಿಲನ್ಸ್’ ಎಂಬ ಅವನ ಪುಸ್ತಕದ ಉದ್ದೇಶ ರೋಮನ್ ಕ್ಯಾಥೋಲಿಕರನ್ನು ಹಳಿಯುವುದು. ಕ್ರೈಸ್ತರೊಳಗಿನ ಜಗಳದಲ್ಲಿ ಹುಟ್ಟಿದ ಮಾತು ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ನಮ್ಮ ಹುಡುಗನ ಫೋನಿಗೆ ಬಂದು ಮುಟ್ಟಿತು.

ಇಂಗ್ಲಿಷ್ ಹೆಸರಿನ ಬಗ್ಗೆ ಇನ್ನೊಂದು ಸಾಕ್ಷ್ಯವಿದೆ. ಅದನ್ನು ಗೌರವದಿಂದಲೇ ನೋಡಬೇಕು. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ ಕ್ರಿ.ಶ. 725ರಲ್ಲಿ ಕಾಲಗಣನೆಯ ಒಂದು ಗ್ರಂಥ ಬರೆದ. ತನ್ನ ಜನ ಹಿಂದೆ ಏಪ್ರಿಲ್ ಹೊತ್ತಿನ ತಿಂಗಳನ್ನು ‘ಈಯೋಸ್ತ್ರೆ’ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಆ ತಿಂಗಳಲ್ಲಿ ಬರುವ ಹಬ್ಬಕ್ಕೂ ಅದೇ ಹೆಸರು ಅಂಟಿತು ಎಂದು ಅವನು ಹೇಳುತ್ತಾನೆ. ಹೇಳುವುದು ಅಷ್ಟೇ. ಆಕೆಯ ರೂಪ, ಪೂಜೆ, ಮೊಟ್ಟೆ, ಮೊಲ ಯಾವುದನ್ನೂ ಹೇಳುವುದಿಲ್ಲ. ಬೇರೆ ಯಾವ ಹಳೆಯ ಗ್ರಂಥವೂ ಆಕೆಯನ್ನು ಹೆಸರಿಸುವುದಿಲ್ಲ.

ಇಲ್ಲಿ ನಮ್ಮ ಮಸ್ಕಿಯನ್ನು ನೆನೆಯಬೇಕು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರು ಎಂಬುದಕ್ಕೆ ಬಹಳ ಕಾಲ ವಿದ್ವಾಂಸರು ಸಿಂಹಳದ ಗ್ರಂಥಗಳನ್ನೇ ನಂಬಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಶಾಸನ ಕಂಡಾಗ ಅದರಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು. ಪುಸ್ತಕದ ಮಾತಿಗೆ ಕಲ್ಲಿನ ಸಾಕ್ಷಿ ಸಿಕ್ಕಿತು. ಬೀಡನ ದೇವತೆಗೂ ಹೀಗೆ ಕಲ್ಲಿನ ಸಾಕ್ಷಿ ಸಿಕ್ಕೀತೇ? ಅರ್ಧ ಸಿಕ್ಕಿದೆ. 1958ರಲ್ಲಿ ಜರ್ಮನಿಯ ಮೋರ್ಕೆನ್-ಹಾರ್ಫ್ ಎಂಬಲ್ಲಿ ರೋಮನ್ನರ ಕಾಲದ ನೂರೈವತ್ತಕ್ಕೂ ಹೆಚ್ಚು ಹರಕೆ ಶಾಸನಗಳು ದೊರೆತವು. ಅವು ‘ಆಸ್ಟ್ರಿಯಾಹೆನೆ’ ಎಂಬ ಮಾತೃದೇವತೆಗಳಿಗೆ ಸಲ್ಲಿಸಿದವು. ಹೆಸರಿನ ಧಾತು ಒಂದೇ ಇರಬಹುದು. ಹಾಗಾಗಿ ಬೀಡ್ ಸುಮ್ಮನೆ ಕಟ್ಟಿ ಹೇಳಿದನೆಂದು ತಳ್ಳಿಹಾಕಲು ಬರುವುದಿಲ್ಲ. ಆದರೆ ಆ ಕಲ್ಲುಗಳಿಂದಲೂ ಮೊಲ, ಮೊಟ್ಟೆಯ ಕಥೆ ಹುಟ್ಟುವುದಿಲ್ಲ. ಹೆಚ್ಚೆಂದರೆ ತಿಂಗಳಿನ ಹೆಸರು ಹಬ್ಬಕ್ಕೆ ಬಂತು ಎನ್ನಬಹುದು. ನಾವು ‘ಶ್ರಾವಣ ಮಾಡ್ತೀವಿ’ ಅನ್ನುವುದಿಲ್ಲವೇ, ಹಾಗೆ.

ತಾರೀಖಿನ ಲೆಕ್ಕ ನಮ್ಮವರಿಗೆ ಬಹಳ ಸುಲಭವಾಗಿ ತಿಳಿಯುತ್ತದೆ, ಇಂಗ್ಲಿಷ್ ಕ್ಯಾಲೆಂಡರ್ ಮಾತ್ರ ಬಲ್ಲವರಿಗೇ ಕಷ್ಟ. ಈಸ್ಟರ್ ಹುಣ್ಣಿಮೆಯನ್ನು ಹಿಡಿದು ನಡೆಯುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ಮಾರ್ಚ್ 22ಕ್ಕಿಂತ ಮೊದಲು ಬರದು, ಏಪ್ರಿಲ್ 25ನ್ನು ದಾಟದು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ಕ್ರಿ.ಶ. 325ರ ನೈಸಿಯಾ ಸಭೆಯಲ್ಲಿ ತೀರ್ಮಾನವಾಯಿತು, ಲೆಕ್ಕದ ವಿಧಾನ ಗಟ್ಟಿಯಾಗಲು ಮತ್ತಷ್ಟು ಶತಮಾನ ಹಿಡಿಯಿತು. ಯೆಹೂದ್ಯರ ಪಂಚಾಂಗ ನಮ್ಮದರಂತೆಯೇ ಚಾಂದ್ರಮಾಸದ್ದು, ಅದಕ್ಕೂ ಅಧಿಕ ಮಾಸವಿದೆ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಒಂದು ತಿಂಗಳು ಕೂಡಿಸುತ್ತಾರೆ. ಆದ್ದರಿಂದ ಈಸ್ಟರ್ ನಮ್ಮ ದವನದ ಹುಣ್ಣಿಮೆಯ ಆಸುಪಾಸಿನಲ್ಲೇ ಹೆಚ್ಚಾಗಿ ಬರುತ್ತದೆ. 2023ರಲ್ಲಿ ಹನುಮ ಜಯಂತಿ ಏಪ್ರಿಲ್ 6, ಈಸ್ಟರ್ ಏಪ್ರಿಲ್ 9. 2025ರಲ್ಲಿ ಏಪ್ರಿಲ್ 12 ಮತ್ತು ಏಪ್ರಿಲ್ 20. ಕೆಲವೊಮ್ಮೆ ಒಂದು ಹುಣ್ಣಿಮೆ ಹಿಂದೆ ಸರಿಯುತ್ತದೆ. 2024ರಲ್ಲಿ ಅದು ಹೋಳಿ ಹುಣ್ಣಿಮೆಯ ಮುಂದಿನ ಭಾನುವಾರ, ಮಾರ್ಚ್ 31ಕ್ಕೆ ಬಂತು. ಗಣಿತದ ಮಾಸ್ತರರು ಇದನ್ನೊಂದು ಚಟುವಟಿಕೆಯಾಗಿ ಮಾಡಿಸಬಹುದು.

ಗುಡ್ ಫ್ರೈಡೆಗೆ ‘ಗುಡ್’ ಯಾಕೆ ಎಂದೂ ಮಕ್ಕಳು ಕೇಳುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಪವಿತ್ರ’ ಎಂಬ ಅರ್ಥವೂ ಇತ್ತು. ಜರ್ಮನ್ನರು ಅದೇ ದಿನವನ್ನು ‘ಶೋಕದ ಶುಕ್ರವಾರ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕನ್ನಡದಲ್ಲಿ ‘ಶುಭ ಶುಕ್ರವಾರ’ ಎಂದು ಪದಕ್ಕೆ ಪದ ಇಟ್ಟದ್ದರಿಂದ ಆ ದಿನ ಶುಭಾಶಯ ಹೇಳುವವರೂ ಹುಟ್ಟಿಕೊಂಡರು. ಉಪವಾಸ ಇದ್ದವರಿಗೆ ಶುಭಾಶಯ ಹೇಳುವುದು ಸರಿಯಲ್ಲ.

ಇನ್ನು ಮೊಟ್ಟೆ. ಇದರ ಇತಿಹಾಸ ಗುಡಿ ಗರ್ಭಗುಡಿಗಳಲ್ಲಿಲ್ಲ, ಅಡುಗೆಮನೆಯಲ್ಲಿದೆ. ಈಸ್ಟರಿಗೆ ಮುಂಚೆ ಕ್ರೈಸ್ತರಿಗೆ ನಲವತ್ತು ದಿನಗಳ ತಪಸ್ಸುಕಾಲ. ಹಿಂದಿನ ಕಾಲದಲ್ಲಿ ಈ ವ್ರತ ಬಹಳ ಬಿಗಿ. ಮಾಂಸವಷ್ಟೇ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಡಬೇಕಿತ್ತು. ಕ್ರಿ.ಶ. 692ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಸಭೆ ತಪಸ್ಸುಕಾಲದಲ್ಲಿ ಮೊಟ್ಟೆ, ಗಿಣ್ಣು ತಿನ್ನಬಾರದೆಂದು ಸ್ಪಷ್ಟವಾಗಿ ನಿಯಮ ಮಾಡಿತು. ಮನುಷ್ಯರೇನೋ ನಿಯಮ ಪಾಲಿಸಿದರು, ಕೋಳಿಗಳು ಪಾಲಿಸಬೇಕಲ್ಲ! ಅವು ಮೊಟ್ಟೆ ಇಡುತ್ತಲೇ ಇದ್ದವು. ಅದೂ ವರ್ಷದಲ್ಲಿ ಅತಿ ಹೆಚ್ಚು ಇಡುವ ಕಾಲದಲ್ಲಿ.

ಈ ಮಾತು ನಮ್ಮ ಊರಿನವರಿಗೆ ತಟ್ಟನೆ ತಿಳಿಯಲಿಕ್ಕಿಲ್ಲ. ಕೋಳಿ ಮೊಟ್ಟೆ ಇಡುವುದು ಹಗಲಿನ ಬೆಳಕನ್ನು ಅವಲಂಬಿಸಿದೆ. ನಮ್ಮ ಸಿಂಧನೂರು ಸೀಮೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದು ತಾಸು ಇರುತ್ತದೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ತಾಸೂ ಇಲ್ಲ. ಅಲ್ಲಿ ಚಳಿಗಾಲದಲ್ಲಿ ಕೋಳಿ ಮೊಟ್ಟೆ ಇಡುವುದನ್ನೇ ನಿಲ್ಲಿಸುತ್ತದೆ ಅಥವಾ ತೀರ ಕಡಿಮೆ ಮಾಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹಗಲು ಬೆಳೆದಂತೆ ಮತ್ತೆ ಶುರು. ಇಂದು ಕೋಳಿ ಫಾರಂಗಳಲ್ಲಿ ಲೈಟು ಉರಿಸಿ ವರ್ಷವಿಡೀ ಮೊಟ್ಟೆ ತೆಗೆಯುತ್ತಾರೆ. ನಮ್ಮ ಬಿಸಿಯೂಟಕ್ಕೆ ಬರುವ ಮೊಟ್ಟೆಗೆ ಋತುವೇ ಇಲ್ಲ. ಆದರೆ ಕರೆಂಟು ಇಲ್ಲದ ಕಾಲದ ಯುರೋಪಿನ ಹಳ್ಳಿಯಲ್ಲಿ ಮೊಟ್ಟೆಯ ಸುಗ್ಗಿ ಬರುವುದೂ ಅದನ್ನು ತಿನ್ನಬಾರದೆಂಬ ವ್ರತ ನಡೆಯುವುದೂ ಒಂದೇ ಹೊತ್ತಿನಲ್ಲಿ. ಈಸ್ಟರ್ ದಿನ ವ್ರತ ಮುಗಿದಾಗ ಮನೆ ತುಂಬ ಮೊಟ್ಟೆ. ಹಂಚಬೇಕು, ತಿನ್ನಬೇಕು, ಮಕ್ಕಳ ಕೈಗೆ ಕೊಡಬೇಕು. ಬೇಯಿಸುವಾಗ ಈರುಳ್ಳಿ ಸಿಪ್ಪೆ ಹಾಕಿದರೆ ಬಣ್ಣವೂ ಏರುತ್ತದೆ.

ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆ ಲೆಕ್ಕದ ಪುಸ್ತಕದಲ್ಲಿ 1290ರ ಒಂದು ಖರ್ಚು ಬರೆದಿದೆ. ಈಸ್ಟರಿಗಾಗಿ 450 ಮೊಟ್ಟೆ, ಹದಿನೆಂಟು ಪೆನ್ಸ್. ಅವಕ್ಕೆ ಬಣ್ಣ ಹಚ್ಚಿ, ಚಿನ್ನದ ರೇಕು ಅಂಟಿಸಿ ಅರಮನೆಯವರಿಗೆ ಹಂಚಿದರು. ಇಂಥ ಒಂದು ಲೆಕ್ಕದ ಸಾಲು ನನಗೆ ಹತ್ತು ದಂತಕಥೆಗಿಂತ ಹೆಚ್ಚು ಪ್ರಿಯ. ಪೂರ್ವದ ಕ್ರೈಸ್ತರು, ಮುಖ್ಯವಾಗಿ ಗ್ರೀಕರು, ಮೊಟ್ಟೆಗೆ ಕೆಂಪು ಬಣ್ಣವನ್ನೇ ಹಚ್ಚುತ್ತಾರೆ, ಅದು ಕ್ರಿಸ್ತನ ರಕ್ತದ ಗುರುತೆಂದು ಹೇಳುತ್ತಾರೆ. ಮುಚ್ಚಿದ ಚಿಪ್ಪು ಸಮಾಧಿ, ಅದನ್ನು ಒಡೆದು ಬರುವ ಮರಿ ಪುನರುತ್ಥಾನ ಎಂಬ ವ್ಯಾಖ್ಯಾನವೂ ಇದೆ. ರೋಮನ್ ಕ್ಯಾಥೋಲಿಕರು 1614ರಲ್ಲಿ ಹೊರತಂದ ವಿಧಿ ಗ್ರಂಥದಲ್ಲಿ ಈಸ್ಟರ್ ಮೊಟ್ಟೆಗಳನ್ನು ಆಶೀರ್ವದಿಸುವ ಪ್ರಾರ್ಥನೆಯೇ ಸೇರಿತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕ್ರಮ ಹೀಗಿದೆ: ಮೊದಲು ಮೊಟ್ಟೆ ಬುಟ್ಟಿ ತುಂಬಿತು, ಅರ್ಥ ಆಮೇಲೆ ತುಂಬಿತು. ಅರ್ಥ ತಡವಾಗಿ ಬಂತೆಂದು ಅದು ಸುಳ್ಳಾಗುವುದಿಲ್ಲ. ನಾವು ಯುಗಾದಿಯ ಬೇವು ಬೆಲ್ಲಕ್ಕೆ ಸುಖ ದುಃಖದ ಅರ್ಥ ಹೇಳುತ್ತೇವಲ್ಲ, ಬೇವು ಹೂ ಬಿಡುವುದೂ ಅದೇ ಕಾಲದಲ್ಲಿ ಎಂಬುದನ್ನು ಮರೆಯಬಾರದು.

ಮೊಲದ ಕಥೆ ಇನ್ನೂ ತಡದ್ದು. 1682ರಲ್ಲಿ ಜರ್ಮನ್ ವೈದ್ಯ ಗೇಯಾರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ ಈಸ್ಟರ್ ಮೊಟ್ಟೆಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪ್ರಬಂಧ ಬರೆದ. ಆಲ್ಸೇಸ್ ಮತ್ತು ಸುತ್ತಲಿನ ಸೀಮೆಯಲ್ಲಿ ಮೊಲವೊಂದು ತೋಟದ ಹುಲ್ಲಿನಲ್ಲಿ ಮೊಟ್ಟೆ ಇಟ್ಟು ಬಚ್ಚಿಡುತ್ತದೆಂದು ಮಕ್ಕಳಿಗೆ ಹೇಳುತ್ತಾರೆ, ಮಕ್ಕಳು ಹುಡುಕುತ್ತಾರೆ, ದೊಡ್ಡವರು ನಗುತ್ತಾರೆ ಎಂದು ಅದರಲ್ಲಿದೆ. ಮೊಲ ಮೊಟ್ಟೆ ಇಡುವುದೆಂದು ಯಾಕೆ ಅಂದುಕೊಂಡರು? ಒಂದು ಊಹೆ ಹೀಗಿದೆ. ಬಯಲು ಮೊಲ ಬಿಲ ತೋಡುವುದಿಲ್ಲ, ನೆಲದ ತಗ್ಗಿನಲ್ಲಿ ಮಲಗುತ್ತದೆ. ಟಿಟ್ಟಿಭ ಹಕ್ಕಿಯೂ ಅಂಥ ತಗ್ಗಿನಲ್ಲೇ ಮೊಟ್ಟೆ ಇಡುತ್ತದೆ. ನಮ್ಮ ಎರೆ ಹೊಲಗಳಲ್ಲಿ ಗಳೆ ಹೊಡೆಯುವವರು ಟಿಟ್ಟಿಭದ ಮೊಟ್ಟೆ ಕಂಡು ಬಲ್ಲರು. ಮೊಲ ಎದ್ದು ಓಡಿದ ಜಾಗದ ಹತ್ತಿರ ಮೊಟ್ಟೆ ಕಂಡರೆ ಕಥೆ ಹುಟ್ಟಲು ಇನ್ನೇನು ಬೇಕು? ಆದರೂ ಇದು ಊಹೆ, ಸಾಕ್ಷ್ಯವಲ್ಲ. ಎಲ್ಲ ಊರಿನಲ್ಲೂ ಮೊಲವೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಕೆಲವೆಡೆ ಕೋಗಿಲೆ, ಜರ್ಮನಿಯ ಕೆಲವೆಡೆ ನರಿ ಮೊಟ್ಟೆ ತರುತ್ತಿತ್ತು. ಫ್ರಾನ್ಸಿನಲ್ಲಿ ಚರ್ಚಿನ ಗಂಟೆಗಳೇ ತರುತ್ತವೆ. ಪವಿತ್ರ ಗುರುವಾರದಿಂದ ಶನಿವಾರ ರಾತ್ರಿಯವರೆಗೆ ಕ್ಯಾಥೋಲಿಕ್ ಚರ್ಚುಗಳಲ್ಲಿ ಗಂಟೆ ಬಾರಿಸುವುದಿಲ್ಲ. ಗಂಟೆಗಳು ರೋಮಿಗೆ ಹಾರಿಹೋಗಿವೆ, ಬರುವಾಗ ಮೊಟ್ಟೆ ತರುತ್ತವೆ ಎಂದು ಅಲ್ಲಿಯ ತಾಯಂದಿರು ಮಕ್ಕಳಿಗೆ ಹೇಳುತ್ತಾರೆ.

ಮೊಲ ಗೆದ್ದದ್ದು ವಲಸೆಯಿಂದ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ರೈತರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗುವಾಗ ತಮ್ಮ ಮೊಲವನ್ನೂ ಒಯ್ದರು. 1878ರಲ್ಲಿ ಅಧ್ಯಕ್ಷ ರುದರ್‌ಫರ್ಡ್ ಹೇಯ್ಸ್ ಶ್ವೇತಭವನದ ಹುಲ್ಲುಹಾಸನ್ನು ಮಕ್ಕಳ ಮೊಟ್ಟೆ ಉರುಳಿಸುವ ಆಟಕ್ಕೆ ತೆರೆದ. ಇತ್ತ ಇಂಗ್ಲೆಂಡಿನಲ್ಲಿ 1873ರಲ್ಲಿ ಫ್ರೈ ಕಂಪನಿ, 1875ರಲ್ಲಿ ಕ್ಯಾಡ್ಬರಿ ಕಂಪನಿ ಚಾಕೊಲೇಟಿನ ಮೊಟ್ಟೆ ಮಾಡಿ ಮಾರಿದವು. ರಷ್ಯಾದ ತ್ಸಾರ್ ಮೂರನೆಯ ಅಲೆಕ್ಸಾಂಡರ್ 1885ರಲ್ಲಿ ಫಾಬೆರ್ಜೆ ಎಂಬ ಅಕ್ಕಸಾಲಿಗನಿಂದ ಹೆಂಡತಿಗೆ ಬಂಗಾರದ ಮೊಟ್ಟೆ ಮಾಡಿಸಿದ. ಇಂದು ಬೆಂಗಳೂರಿನ ಬೇಕರಿಗಳಲ್ಲಿ ಸಕ್ಕರೆಯ ಹೂ ಬಿಡಿಸಿದ ಈಸ್ಟರ್ ಮೊಟ್ಟೆ ಕಾಣುವುದು ಈ ವ್ಯಾಪಾರದ ಕೊನೆಯ ಕೊಂಡಿ.

ಹಾಗಾದರೆ ಮೊಲ ಆ ಪ್ರಾಚೀನ ದೇವತೆಯದೆಂದು ಹೇಳಿದವರು ಯಾರು? ಯಾಕೋಬ್ ಗ್ರಿಮ್ 1835ರಲ್ಲಿ ಬೀಡನ ಒಂದು ವಾಕ್ಯ ಹಿಡಿದು ‘ಓಸ್ಟಾರಾ’ ಎಂಬ ಜರ್ಮನ್ ದೇವತೆಯನ್ನು ಊಹಿಸಿದ. 1874ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆಡಾಲ್ಫ್ ಹಾಲ್ಟ್ಸ್‌ಮನ್, ಈಸ್ಟರ್ ಮೊಲ ತನಗೆ ಅರ್ಥವಾಗುತ್ತಿಲ್ಲ, ಬಹುಶಃ ಅದು ಓಸ್ಟಾರಾಳ ಪ್ರಾಣಿಯಿರಬೇಕು ಎಂದು ಬರೆದ. ಅವನು ಹಾಕಿದ ‘ಬಹುಶಃ’ ಮುಂದಿನವರ ಕೈಯಲ್ಲಿ ಉದುರಿಹೋಯಿತು. ಆಕೆ ಹಕ್ಕಿಯೊಂದನ್ನು ಮೊಲ ಮಾಡಿದಳೆಂಬ ಕಥೆಯೂ ಸೇರಿಕೊಂಡಿತು.

ಇಂಥ ಕಥೆ ಕಟ್ಟುವುದು ಎಷ್ಟು ಸುಲಭವೆಂದು ತೋರಿಸಲು ನಾನು ತರಗತಿಯಲ್ಲಿ ಒಂದು ಕಟ್ಟಿದೆ. ಈಸ್ಟರ್ ದಿನವನ್ನು ನಿರ್ಧರಿಸುವವನು ಚಂದ್ರ. ನಮ್ಮಲ್ಲಿ ಚಂದ್ರನಿಗೆ ಶಶಾಂಕ ಎಂಬ ಹೆಸರು, ಅವನ ಮೈಮೇಲೆ ಮೊಲವಿದೆ. ಆದ್ದರಿಂದ ಈಸ್ಟರ್ ಮೊಲ ಭಾರತದಿಂದಲೇ ಹೋದದ್ದು! ಮಕ್ಕಳು ಚಪ್ಪಾಳೆ ತಟ್ಟಿದರು. ದಾಖಲೆ ಎಲ್ಲಿ ಎಂದು ಕೇಳಿದಾಗ ಸುಮ್ಮನಾದರು. ಪೋಲೆಂಡಿನಲ್ಲಿ ಈಸ್ಟರ್ ಮರುದಿನ ಹುಡುಗರು ಹುಡುಗಿಯರ ಮೇಲೆ ಕೊಡಗಟ್ಟಲೆ ನೀರು ಎರಚುತ್ತಾರೆ, ನಮ್ಮ ಓಕುಳಿಯ ಹಾಗೆ. ಹೋಲಿಕೆ ಖುಷಿ ಕೊಡುತ್ತದೆ. ಆದರೆ ಹೋಲಿಕೆ ಬೇರೆ, ಸಂಬಂಧ ಬೇರೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಜಿಲ್ಲೆಯ ಮುದಗಲ್ಲು ಕೋಟೆಗೆ, ಮೊಹರಂ ಹಬ್ಬಕ್ಕೆ ಹೆಸರುವಾಸಿ. ಅಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಬಂದ ಒಂದು ಕ್ಯಾಥೋಲಿಕ್ ನೆಲೆಯೂ ಇದೆ. ಅಂದರೆ ಈಸ್ಟರ್ ನಮ್ಮ ಸೀಮೆಗೆ ಇಂಗ್ಲಿಷರಿಗಿಂತ ಮೊದಲೇ ಗೋವೆಯ ದಾರಿಯಿಂದ ಬಂತು. ಇಂಗ್ಲಿಷರ ಕಾಲದ ದಾರಿ ಬಳ್ಳಾರಿಯದು. ಅಲ್ಲಿ 1810ರಲ್ಲಿ ನೆಲೆಯೂರಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದರು. ಮೂರನೆಯದು ತುಂಗಭದ್ರಾ ಎಡದಂಡೆ ನಾಲೆಯ ದಾರಿ. ನಾಲೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದರು.

ಕ್ಯಾಥೋಲಿಕ್ ಚರ್ಚುಗಳಲ್ಲಿ ಈಸ್ಟರಿನ ಹಿಂದಿನ ರಾತ್ರಿ ದೀಪ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಬತ್ತಿಯ ಮೇಲೆ ಆ ವರ್ಷದ ನಾಲ್ಕು ಅಂಕಿ ಕೆತ್ತಿರುತ್ತದೆ. ಆಗ ಹಾಡುವ ಹಳೆಯ ಸ್ತೋತ್ರದಲ್ಲಿ ಮೇಣ ಕೊಟ್ಟ ಜೇನುಹುಳುವಿನ ಸ್ಮರಣೆಯೂ ಉಂಟು. ನೋಡಿದರೆ ಅನಾದಿಯಿಂದ ಹೀಗೇ ನಡೆದಿರಬೇಕು ಅನ್ನಿಸುತ್ತದೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಈ ವಿಧಿ ಶನಿವಾರ ಮುಂಜಾನೆಯೇ ಮುಗಿಯುತ್ತಿತ್ತು. 1951ರಲ್ಲಿ ಪ್ರಯೋಗವಾಗಿ, 1955ರ ಸುಧಾರಣೆಯಲ್ಲಿ ಕಡ್ಡಾಯವಾಗಿ ಪೋಪ್ ಹನ್ನೆರಡನೆಯ ಪಯಸ್ ಅದನ್ನು ಮೊದಲಿನಂತೆ ರಾತ್ರಿಗೆ ತಂದರು. ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ಫಲ.

ಗರಿಗಳ ಭಾನುವಾರವನ್ನೇ ತೆಗೆದುಕೊಳ್ಳಿ. ಯೇಸು ಜೆರುಸಲೇಮಿಗೆ ಬಂದಾಗ ಜನ ಖರ್ಜೂರದ ಗರಿ ಹಿಡಿದರೆಂದು ಯೋಹಾನನ ಸುವಾರ್ತೆಯಲ್ಲಿದೆ. ಖರ್ಜೂರ ಬೆಳೆಯದ ಇಂಗ್ಲೆಂಡ್, ರಷ್ಯಾಗಳಲ್ಲಿ ನೀರವಂಜಿಯ ಟೊಂಗೆ ಹಿಡಿದರು. ನಮ್ಮ ನಾಡಿನಲ್ಲಿ ತೆಂಗಿನ ಎಳೆ ಗರಿ ಹಿಡಿಯುತ್ತಾರೆ. ಒಣಗಿದ ಗರಿ ಸುಟ್ಟ ಬೂದಿಯೇ ಮುಂದಿನ ವರ್ಷ ಬೂದಿ ಬುಧವಾರ ಹಣೆಗೆ ಬರುತ್ತದೆ. ಕೇರಳದ ಕ್ರೈಸ್ತ ಮನೆಗಳಲ್ಲಿ ಪವಿತ್ರ ಗುರುವಾರ ರಾತ್ರಿ ಅಕ್ಕಿ ಹಿಟ್ಟಿನ ಹುಳಿಯಿಲ್ಲದ ಅಪ್ಪ ಮಾಡಿ, ಮೇಲೆ ಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯ ಅದನ್ನು ಮುರಿದು ಬೆಲ್ಲ, ತೆಂಗಿನ ಹಾಲಿನೊಡನೆ ಕೊಡುತ್ತಾನೆ. ಯೆಹೂದ್ಯರ ಹುಳಿಯಿಲ್ಲದ ರೊಟ್ಟಿ ಅಲ್ಲಿ ಅಕ್ಕಿಯದಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಈಸ್ಟರಿನ ನಸುಕಿನಲ್ಲಿ ಕುಟುಂಬದವರೆಲ್ಲ ಸಮಾಧಿಗಳಿಗೆ ಹೋಗಿ, ಸುಣ್ಣ ಬಳಿದು ಹೂವಿಟ್ಟ ಗೋರಿಗಳ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ 1732ರಲ್ಲಿ ಮೊರೇವಿಯನ್ ಪಂಥದ ಯುವಕರು ಹೀಗೇ ಸೂರ್ಯೋದಯಕ್ಕೆ ಗೋರಿಗಳ ನಡುವೆ ನಿಂತು ಹಾಡಿದ್ದರು. ಇವೆರಡಕ್ಕೆ ಸಂಬಂಧ ಉಂಟೆಂದು ನಾನು ಹೇಳುವುದಿಲ್ಲ. ಮೇಲೆ ಹೇಳಿದ ಎಚ್ಚರ ನನಗೂ ಅನ್ವಯ.

ಇಷ್ಟನ್ನು ಕೇಳಿದ ಮೇಲೆ ಆ ಹುಡುಗಿ ಒಂದು ಮಾತು ಹೇಳಿದಳು: “ನಮ್ಮನ್ಯಾಗ ಮೊಲನೂ ಇಲ್ಲ, ಬಣ್ಣದ ಮೊಟ್ಟಿನೂ ಇಲ್ರಿ ಸರ. ಮುಂಜಾನೆ ಗುಡಿಗೆ ಹೋಗಿ ಬಂದು ಕೋಳಿ ಸಾರು ಮಾಡ್ತೀವಿ.” ನಲವತ್ತು ದಿನ ಬಿಟ್ಟದ್ದನ್ನು ಆ ದಿನ ಉಣ್ಣುತ್ತಾರೆ. ಹದಿಮೂರನೆಯ ಶತಮಾನದ ದೊರೆಯ ಲೆಕ್ಕದ ಪುಸ್ತಕಕ್ಕೆ ಹೋಲಿಸಿದರೆ ಮೂಲಕ್ಕೆ ಹೆಚ್ಚು ಹತ್ತಿರ ಇರುವುದು ಅವಳ ಮನೆಯ ಒಲೆಯೇ.

ಈ ಸಂಚಿಕೆ ಓದುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಗೊರೇಬಾಳದ ಸುತ್ತಲಿನ ಊರು, ಕ್ಯಾಂಪುಗಳಲ್ಲಿ, ಮುದಗಲ್ಲಿನಲ್ಲಿ, ಸಿಂಧನೂರಿನಲ್ಲಿ ಈ ಹಬ್ಬ ಮಾಡುವ ಹಿರಿಯರಿದ್ದಾರೆ. ಗರಿ ಯಾವ ಮರದ್ದು, ಎಲ್ಲಿಂದ ತರುತ್ತಾರೆ, ತಪಸ್ಸುಕಾಲದಲ್ಲಿ ಏನೇನು ಬಿಡುತ್ತಾರೆ, ಭಾನುವಾರ ಮೊದಲು ಏನು ಬಾಯಿಗೆ ಹಾಕುತ್ತಾರೆ, ಅಜ್ಜಿ ಸಣ್ಣಾಕಿ ಇದ್ದಾಗ ಯಾವ ಭಾಷೆಯಲ್ಲಿ ಹಾಡುತ್ತಿದ್ದರು ಎಂದು ಕೇಳಿ, ತಾರೀಖು ಹಾಕಿ, ಹೇಳಿದವರ ವಯಸ್ಸು ನಮೂದಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಹಾಗೆಯೇ ನಿಮ್ಮ ಮನೆಯ ಯುಗಾದಿ, ಮೊಹರಂ, ಕಾರ ಹುಣ್ಣಿಮೆಗಳ ಬಗ್ಗೆಯೂ.